ಕುಂಕುಮದ ಡಬ್ಬಿಯಲ್ಲಿ ಸಿಕ್ಕ ಒಪ್ಪಿಗೆ

ಜನವರಿ 13, 2024, ಶನಿವಾರ. ಸಾಗರ

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನನ್ನನ್ನು ನೋಡಲು ಬರುತ್ತಾರಂತೆ. ನನಗೆ ಗೊತ್ತಾದದ್ದು ಇವತ್ತು ಸಂಜೆ. ಪಕ್ಕದ ಮನೆಯವರಿಗೆ ಗುರುವಾರವೇ ಗೊತ್ತಿತ್ತು, ಹಾಲಿನವನಿಗೆ ಶುಕ್ರವಾರ. ಪರವಾಗಿಲ್ಲ, ಈ ವಿಷಯದಲ್ಲಿ ನಾನೇನು ಅಷ್ಟು ಮುಖ್ಯದವಳಲ್ಲವಲ್ಲ.

ಹುಡುಗ ತೀರ್ಥಹಳ್ಳಿಯ ಶಿವಮೂರ್ತಿ. ಮೂವತ್ತಾರು ವರ್ಷ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಸರ್ಕಾರಿ ನೌಕರಿ. ಹುಡುಕಿದವರು ಅಮ್ಮನ ತಮ್ಮ, ಹೊಸನಗರದ ಮಾಸ್ತಪ್ಪ ಮಾವ. 'ಸರ್ಕಾರಿ' ಅನ್ನುವಾಗ ಮಾವ ಕಣ್ಣು ಮುಚ್ಚಿಕೊಳ್ಳುತ್ತಾರೆ. ದೇವರೆದುರು ನಿಂತಾಗಲೂ ಅಷ್ಟು ಭಕ್ತಿ ಕಾಣುವುದಿಲ್ಲ. ಅಪ್ಪ ಮೂವತ್ತು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹುಡುಗನ ಅಪ್ಪ ಆ ಬಸ್ಸಿನಲ್ಲಿ ಒಂದು ದಿನವೂ ಟಿಕೆಟ್ ತಪ್ಪಿಸಲಿಲ್ಲವಂತೆ. ವಂಶದ ಪರಿಶೀಲನೆ ಅಲ್ಲಿಗೆ ಮುಗಿಯಿತು.

ಮಾವ ಬರೆದು ಕಳಿಸಿದ ನನ್ನ ಬಯೋಡೇಟಾ ಓದಿದೆ. ಸುಷ್ಮಾ, ಮಂಜುನಾಥಪ್ಪನವರ ಹಿರಿಯ ಮಗಳು. ವಯಸ್ಸು ಮೂವತ್ತಂತೆ. ಮೂವತ್ತೆರಡು, ಆದರೆ ಎರಡು ವರ್ಷ ಮಾವ ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ. ಕಾಲೇಜಿನಲ್ಲಿ ಉಪನ್ಯಾಸಕಿಯಂತೆ. 'ಅತಿಥಿ' ಅನ್ನುವುದು ಬಿಟ್ಟುಹೋಗಿದೆ. ಆರು ವರ್ಷದಿಂದ ಅತಿಥಿಯಾಗಿದ್ದೇನೆ, ಇನ್ನೂ ಯಾರೂ ಒಳಗೆ ಬನ್ನಿ ಅಂದಿಲ್ಲ. 'ಪಿಎಚ್‌ಡಿ ಮುಗಿಯುವ ಹಂತದಲ್ಲಿದೆ' ಅಂತ ಬರೆದು ವಿಷಯ ಬರೆದಿಲ್ಲ. ಹಣ್ಣುನೊಣಗಳಲ್ಲಿ ಗಂಡಿನ ಪ್ರಣಯದ ಹಾಡು ಹೆಣ್ಣಿನ ಆಯ್ಕೆಯ ಮೇಲೆ ಮಾಡುವ ಪರಿಣಾಮ ಅಂತ ಬರೆದರೆ ಹುಡುಗನ ಕಡೆಯವರು ಬಸ್ಸೇ ಹತ್ತುವುದಿಲ್ಲ ಅಂತ ಮಾವನ ಅಂದಾಜು.

ನನಗೆ ಈ ಮದುವೆ ಬೇಡ ಅನ್ನಿಸುತ್ತಿದೆ. ಯಾಕೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಅಪ್ಪನಿಗೆ ಹೇಳಬೇಕು ಅಂತ ಹಾಲ್‌ಗೆ ಹೋದೆ, "ನಾಳೆ ರಜೆ ಇದೆ ಅಲ್ವನೇ ನಿಂಗೆ?" ಅಂದರು. ಹೌದಪ್ಪ ಅಂದು ವಾಪಸ್ ಬಂದೆ. ಈಗ ಪ್ರಯೋಗದ ನೋಟ್‌ಬುಕ್ಕನ್ನು ತಿರುಗಿಸಿಕೊಂಡು ಹಿಂದಿನಿಂದ ಬರೆಯುತ್ತಿದ್ದೇನೆ. ಮುಂದಿನಿಂದ ನೊಣಗಳು, ಹಿಂದಿನಿಂದ ನಾನು.

ಜನವರಿ 14, ಭಾನುವಾರ

ಹನ್ನೆರಡು ಜನ ಬಂದಿದ್ದರು. ನಮ್ಮ ಹಾಲಿನಲ್ಲಿ ಏಳು ಜನ ಕೂರಬಹುದು, ಅದೂ ಒಬ್ಬರು ಉಸಿರು ಬಿಗಿಹಿಡಿದರೆ. ನನ್ನನ್ನು ಟಿವಿ ಸ್ಟ್ಯಾಂಡಿಗೂ ದಿವಾನಕ್ಕೂ ನಡುವೆ ಸ್ಟೂಲ್ ಹಾಕಿ ಕೂರಿಸಿದರು. ಎದುರಿಗೆ ಹುಡುಗನ ಅತ್ತೆಯ ಮಂಡಿ, ಎಡಕ್ಕೆ ಫ್ರಿಜ್ಜು. ಬಾಗಿಲಿಗೆ ಅಡ್ಡವಾಗಿ ಮಾಸ್ತಪ್ಪ ಮಾವ ಕುರ್ಚಿ ಹಾಕಿಕೊಂಡಿದ್ದರು, ಗಾಳಿ ಬರುತ್ತದೆ ಅಂತ.

ಶಿವಮೂರ್ತಿ ನೋಡಲು ಲಕ್ಷಣವಾಗಿದ್ದಾರೆ. ಹಾಡುತ್ತಾರಂತೆ. ಹಾಡು ಅಂದರು ಅವರ ತಾಯಿ, ಹಾಡಿದರು. ನಮ್ಮ ಮನೆಯ ಪ್ರೆಶರ್ ಕುಕ್ಕರು ನಡುವೆ ಎರಡು ಸಲ ತಾಳ ಹಾಕಿತು.

ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಎದ್ದುನಿಂತರು. ಬಸ್ಸಿನಲ್ಲಿ 'ಯಾರ್ರೀ ಟಿಕೆಟ್' ಅನ್ನುವಾಗಿನ ದನಿಯಲ್ಲೇ, "ನೋಡಿ, ನಾವು ಹಳೇ ಕಾಲದೋರಲ್ಲ. ಹುಡುಗೀನ ಕೇಳದೆ ಮುಂದೆ ಹೋಗಲ್ಲ. ಏನಮ್ಮ ಸುಷ್ಮಾ, ಒಪ್ಪಿಗೆನಾ?" ಅಂದರು. ಹದಿನೈದು ಮುಖಗಳು ನನ್ನ ಕಡೆ ತಿರುಗಿದವು. ನನಗೆ ಮೂರು ದಿನದಿಂದ ಬಲಗಡೆಯ ದವಡೆ ಹಲ್ಲು ನೋಯುತ್ತಿದೆ, ಆ ಹೊತ್ತಿಗೆ ಸರಿಯಾಗಿ ಒಮ್ಮೆ ಜುಮ್ಮೆಂದು ಬಾಯಿ ಸ್ವಲ್ಪ ಸೊಟ್ಟಗಾಯಿತು.

"ನಕ್ಳು! ನಕ್ಳು!" ಅಂತ ಮಾವ ಕುರ್ಚಿಯಿಂದಲೇ ಕೂಗಿದರು. ಅಮ್ಮ ದೇವರಿಗೆ ಕೈಮುಗಿದಳು. ಹುಡುಗನ ಕಡೆಯವರು ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ ತಂದಿದ್ದ ಮೈಸೂರುಪಾಕು ತೆಗೆದು ಎಲ್ಲರ ಕೈಗೂ ಇಟ್ಟರು. ಜಾತಕ ಮೊದಲೇ ಕೂಡಿಬಂದಿತ್ತಂತೆ. ಮಾರ್ಚ್ 17, ಭಾನುವಾರ ನಿಶ್ಚಿತಾರ್ಥ.

ಹಲ್ಲು ಇನ್ನೂ ನೋಯುತ್ತಿದೆ. ಮೈಸೂರುಪಾಕಿನಿಂದ ಇನ್ನೂ ಹೆಚ್ಚಾಯಿತು.

ಜನವರಿ 18, ಗುರುವಾರ

ಭಾವಿ ವರ ದಿನವೂ ಹಾಡು ಕಳಿಸುತ್ತಿದ್ದಾರೆ. ಮೊಬೈಲಿನಲ್ಲಿ ಹಿನ್ನೆಲೆ ಸಂಗೀತ ಹಾಕಿಕೊಂಡು ಹಾಡುವ ಆ್ಯಪ್ ಅಂತೆ. ಸೋಮವಾರ ಒಂದು, ಮಂಗಳವಾರ ಎರಡು, ನಿನ್ನೆ ನಾನು ಉತ್ತರ ಬರೆಯಲಿಲ್ಲ ಅಂತ ಮೂರು. ಇವತ್ತು ಬೆಳಿಗ್ಗೆ, "ಹೇಗಿದೆ ಅಂತ ಹೇಳಲೇ ಇಲ್ಲ" ಅಂತ ಕೇಳಿದ್ದರು. ಕೈಮುಗಿಯುವ ಚಿತ್ರ ಕಳಿಸಿದೆ. ಬಿಟ್ಟುಬಿಡಿ ಅನ್ನುವ ಅರ್ಥದಲ್ಲಿ ಕಳಿಸಿದ್ದು. ಅವರು ಮೆಚ್ಚುಗೆ ಅಂದುಕೊಂಡು ಮಧ್ಯಾಹ್ನ ಇನ್ನೊಂದು ಹಾಡಿದ್ದಾರೆ.

ಸಂಜೆ ಬಸ್‌ಸ್ಟ್ಯಾಂಡಿನಿಂದ ಅಪ್ಪ ನನ್ನ ಬಾಟಲಿಗಳನ್ನು ತಂದುಕೊಟ್ಟರು. ತೀರ್ಥಹಳ್ಳಿ ಮತ್ತು ಹೊಸನಗರದ ಹಣ್ಣಿನಂಗಡಿಗಳಲ್ಲಿ ಕೊಳೆತ ಬಾಳೆಹಣ್ಣು ಹಾಕಿದ ಬಾಟಲಿ ಇಟ್ಟಿರುತ್ತೇನೆ. ನೊಣ ತುಂಬಿದ ಮೇಲೆ ಅಪ್ಪನ ಹಳೆಯ ಸಹೋದ್ಯೋಗಿಗಳು ಅದರ ಬಾಯಿಗೆ ಬಟ್ಟೆ ಕಟ್ಟಿ ಗುರುವಾರದ ಬಸ್ಸಿನಲ್ಲಿ ಕಳಿಸುತ್ತಾರೆ. "ನಿನ್ನ ಪ್ಯಾಸೆಂಜರ್ ಬಂದ್ರು ನೋಡು" ಅಂತ ಅಪ್ಪ ಬಾಗಿಲಲ್ಲಿಟ್ಟು ಹೋಗುತ್ತಾರೆ. ಅವು ಒಳಗೆ ಏನು ಮಾಡುತ್ತವೆ ಅಂತ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಿಲ್ಲ.

ಜನವರಿ 24, ಬುಧವಾರ

ಅರವತ್ತು ಜೋಡಿಗಳ ಪ್ರಯೋಗ ಮುಗಿಯಿತು. ನನ್ನ ನಾಲ್ಕು ವರ್ಷವೂ ಮುಗಿಯಿತು ಅನ್ನಬಹುದು.

ಗಂಡು ಹಣ್ಣುನೊಣ ಹೆಣ್ಣಿನ ಪಕ್ಕ ನಿಂತು ಒಂದೇ ರೆಕ್ಕೆ ಚಾಚಿ ಅದುರಿಸುತ್ತದೆ. ಅದೇ ಹಾಡು. ನಮ್ಮ ಕಿವಿಗೆ ಕೇಳದು. ಕಾಲೇಜಿಗೆ ರಜೆಯಿದ್ದ ದಿನ ಸಾಲ ತಂದ ಮೈಕಿನಲ್ಲಿ ಸಾಗರವೂ ಸೇರಿ ಮೂರೂ ಊರಿನ ಗಂಡುಗಳ ಹಾಡನ್ನು ರೆಕಾರ್ಡ್ ಮಾಡಿಟ್ಟಿದ್ದೇನೆ. ಹಾಡು ಹಿಡಿಸಿದರೆ ಹೆಣ್ಣು ನಡಿಗೆ ನಿಧಾನ ಮಾಡಿ ನಿಲ್ಲುತ್ತದೆ. ಹಿಡಿಸದಿದ್ದರೆ ಒದೆಯುತ್ತದೆ, ದೂರ ಹೋಗುತ್ತದೆ. ಹಾಡಿನ ಪಾತ್ರ ಎಷ್ಟು ಅಂತ ತಿಳಿಯಲು ಗಂಡುಗಳ ರೆಕ್ಕೆ ಕತ್ತರಿಸಿ ಮೂಕ ಮಾಡಿ, ಅರ್ಧ ಜೋಡಿಗಳಿಗೆ ಸ್ಪೀಕರಿನಿಂದ ಹಾಡು ಕೇಳಿಸುತ್ತೇನೆ, ಉಳಿದರ್ಧಕ್ಕೆ ಇಲ್ಲ. ಶಬ್ದ ಯಂತ್ರದ್ದು, ನಿಲುವು ಗಂಡಿನದು. ತೀರ್ಥಹಳ್ಳಿಯಲ್ಲೂ ಇದೇ ಪದ್ಧತಿ ನಡೆಯುತ್ತಿದೆ.

ಜೋಡಿಗಳನ್ನು ಬಿಡಲು ಬೇಕಾದ ಪುಟ್ಟ ಪೆಟ್ಟಿಗೆಗಳನ್ನು ಇಲಾಖೆ ಕೊಡಿಸಲಿಲ್ಲ. ತಂಗಿ ಕಾವ್ಯಾಳ ಮದುವೆಯಲ್ಲಿ ಮುತ್ತೈದೆಯರಿಗೆ ಹಂಚಲು ಮಾಡಿಸಿದ್ದ ಪಾರದರ್ಶಕ ಕುಂಕುಮದ ಡಬ್ಬಿಗಳು ಅರವತ್ತು ಉಳಿದಿದ್ದವು. ಹೆಬ್ಬೆರಳಿನ ಉಗುರಿನಷ್ಟು ಅಗಲ. ಮುಚ್ಚಳಕ್ಕೆ ತೂತು ಮಾಡಿ ಸೊಳ್ಳೆಪರದೆಯ ತುಂಡು ಅಂಟಿಸಿದೆ. ಈ ಉಪಾಯಕ್ಕೆ ಎಷ್ಟು ಹೆಮ್ಮೆಪಟ್ಟೆನೆಂದರೆ ಫೋಟೋ ತೆಗೆದು ಕಾಲೇಜಿನ ಗುಂಪಿನಲ್ಲಿ ಹಾಕಿದ್ದೆ.

ಫಲಿತಾಂಶ ಹೀಗಿದೆ. ಹಾಡು ಕೇಳಿದ ಮೂವತ್ತರಲ್ಲಿ ಇಪ್ಪತ್ತಾರು ಹೆಣ್ಣುಗಳು ಕೂಡಿದವು. ಹಾಡಿಲ್ಲದ ಮೂವತ್ತರಲ್ಲಿ ಇಪ್ಪತ್ತೈದು. ಅಂದರೆ ಹಾಡಿದರೂ ಸೈ, ಹಾಡದಿದ್ದರೂ ಸೈ.

ಗೈಡ್ ಮಧುಸೂದನ ಸರ್ ಶಿವಮೊಗ್ಗದಿಂದ ಬಂದಿದ್ದರು. ಪಟ್ಟಿ ನೋಡಿ ಮೇಜು ತಟ್ಟಿದರು. "ಚೆನ್ನಾಗೈತಲ್ರೀ! ಹೆಣ್ಣು ಆಯ್ಕೆಯೇ ಮಾಡಲ್ಲ ಅಂತ ಬರೀರಿ. ಯಾರು ಬಂದ್ರೂ ಒಪ್ಕೊಳ್ತಾಳೆ. ಏಪ್ರಿಲ್ ಮೂವತ್ತಕ್ಕೆ ನಿಮ್ಮ ಅವಧಿ ಮುಗಿಯುತ್ತೆ, ಸುಮ್ನೆ ಬರೆದು ಒಪ್ಪಿಸಿಬಿಡಿ." ಆಯ್ತು ಸರ್ ಅಂದೆ. ನಾಲ್ಕು ವರ್ಷ ಬೆಳಿಗ್ಗೆ ಎದ್ದು, ಆಗಷ್ಟೇ ಕೋಶದಿಂದ ಹೊರಬಂದ ಹೆಣ್ಣುಗಳನ್ನು ಬೇರ್ಪಡಿಸಿ ಕಾಪಾಡಿದ್ದು ಇದನ್ನು ಕೇಳಿಸಿಕೊಳ್ಳಲಿಕ್ಕೆ.

ಫೆಬ್ರವರಿ 3, ಶನಿವಾರ

ಶಿವಮೂರ್ತಿ ಫೋನ್ ಮಾಡಿದ್ದರು. ನಲವತ್ತು ನಿಮಿಷದಲ್ಲಿ ನಾನು ಹನ್ನೊಂದು ಸಲ 'ಹೂಂ' ಅಂದೆ, ನಾಲ್ಕು ಸಲ 'ಹೌದಾ'. ಪಾಪ, ಕೆಟ್ಟ ಮಾತು ಒಂದೂ ಆಡುವುದಿಲ್ಲ. ಅಡುಗೆಮನೆಗೆ ಯಾವ ಬಣ್ಣ ಬಳಿಸಬೇಕು ಅಂತ ಕೇಳಿದರು, ಉತ್ತರಕ್ಕೆ ಕಾಯದೆ ಹಸಿರು ಅಂತ ತೀರ್ಮಾನಿಸಿದರು.

ಕೊನೆಗೆ, "ಮದುವೆ ಆದ್ಮೇಲೆ ಆ ನೊಣ ಎಲ್ಲ ಯಾಕೆ ಸುಷ್ಮಾ? ಬಿಡು ಅಂತ ನಾನು ಹೇಳಲ್ಲಪ್ಪ. ಬೇಕಾಗಲ್ಲ ಅಷ್ಟೇ" ಅಂದರು. ಹನ್ನೊಂದನೆಯ ಹೂಂ ಅಲ್ಲಿಯದು. ಬೇಕಾಗಲ್ಲ ಅನ್ನುವುದನ್ನು ಅಷ್ಟು ಪ್ರೀತಿಯಿಂದ ಹೇಳಿದರೆ ಯಾರು ತಾನೇ ಜಗಳ ತೆಗೆಯುತ್ತಾರೆ.

ಫೋನಿಟ್ಟ ಮೇಲೆ ಊಟ ಬೇಡ ಅಂದೆ. ಅಮ್ಮ ಓಮದ ನೀರು ಕೊಟ್ಟಳು.

ಫೆಬ್ರವರಿ 11, ಭಾನುವಾರ

ನಿನ್ನೆ ಪ್ರಬಂಧಕ್ಕೆ ಫೋಟೋ ತೆಗೆಯಲು ಮತ್ತೆ ಕೆಲವು ಜೋಡಿ ಬಿಡುವಾಗ ಒಂದು ಕುಂಕುಮದ ಡಬ್ಬಿ ಕೆಳಗೆ ಬಿದ್ದು ಒಡೆಯಿತು. ಕೈಯಲ್ಲಿ ಒಂದು ಜೋಡಿ ಹೆಚ್ಚಿಗೆ ಇತ್ತು. ಮೈಸೂರುಪಾಕಿನ ದೊಡ್ಡ ಡಬ್ಬ ಸಾಸಿವೆ ಹಾಕಲಿಕ್ಕೆ ಅಂತ ಅಮ್ಮ ತೊಳೆದಿಟ್ಟಿದ್ದಳು, ಅದನ್ನೇ ಕಾಲೇಜಿನ ಪ್ರಯೋಗಾಲಯಕ್ಕೆ ಎತ್ತಿಕೊಂಡು ಹೋಗಿ ಅದರಲ್ಲಿ ಬಿಟ್ಟೆ. ಹಾಡಿಲ್ಲದ ಜೋಡಿ.

ಹೆಣ್ಣು ಗಂಡನ್ನು ಒಂದು ಸಲ ನೋಡಿತು. ಎದುರಿನ ಮೂಲೆಗೆ ನಡೆಯಿತು. ಗಂಡು ಹಿಂದೆ ಹೋಯಿತು. ಹೆಣ್ಣು ಇನ್ನೊಂದು ಮೂಲೆಗೆ ನಡೆಯಿತು. ಒಂದು ಗಂಟೆ ಇದೇ ಆಯಿತು. ಕೊನೆಗೂ ಕೂಡಲಿಲ್ಲ.

ತುಪ್ಪದ ವಾಸನೆಗೆ ಹೀಗಾಗಿರಬೇಕು.

ಫೆಬ್ರವರಿ 14, ಬುಧವಾರ

ತುಪ್ಪದ ವಾಸನೆಯಲ್ಲ.

ಸೋಪು ಹಾಕಿದೆ, ಬಿಸಿನೀರು ಹಾಕಿದೆ, ಸ್ಪಿರಿಟ್ ಹಚ್ಚಿ ಒರೆಸಿದೆ. ಬೇಕರಿಯಿಂದ ಅಂಥದೇ ಹೊಸ ಡಬ್ಬಗಳನ್ನು ಕೇಳಿ ತಂದೆ. ಮೂರು ದಿನದಲ್ಲಿ ದೊಡ್ಡ ಡಬ್ಬಗಳಲ್ಲಿ ಇಪ್ಪತ್ತು ಜೋಡಿ ನೋಡಿದೆ. ಹಾಡಿಲ್ಲದ ಹತ್ತರಲ್ಲಿ ಎರಡು ಮಾತ್ರ ಕೂಡಿದವು. ಹಾಡು ಹಾಕಿದ ಹತ್ತರಲ್ಲಿ ಎಂಟು. ಹಾಡು ಶುರುವಾದ ಕೂಡಲೇ ಓಡಾಡುತ್ತಿದ್ದ ಹೆಣ್ಣು ಹೆಜ್ಜೆ ನಿಧಾನ ಮಾಡಿದ್ದನ್ನು ಕಣ್ಣಾರೆ ಕಂಡೆ. ನಿಂತಳು, ಇಷ್ಟು ಜಾಗವಿದ್ದೂ ನಿಂತಳು. ನಾನು ಕುರ್ಚಿಯಿಂದ ಎದ್ದುಬಿಟ್ಟೆ, ಮೈ ಬೆವರಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಅಷ್ಟು ಖುಷಿಯಾಯಿತು.

ಖುಷಿ ಇದ್ದದ್ದು ಐದು ನಿಮಿಷ. ಆಮೇಲೆ ಹಳೆಯ ಅರವತ್ತು ಜೋಡಿಗಳು ನೆನಪಾದವು. ಕುಂಕುಮದ ಡಬ್ಬಿಯಲ್ಲಿ ಹೆಣ್ಣು ಯಾವ ಕಡೆ ತಿರುಗಿದರೂ ಅರ್ಧ ಹೆಜ್ಜೆಗೆ ಗೋಡೆ. ನಿಲ್ಲದೆ ಇನ್ನೇನು ಮಾಡೀತು? ಅದು ನಿಂತಿತು ಅಂತ ನಾನು ಗಡಿಯಾರ ನೋಡಿ, ಅಂಕಣದಲ್ಲಿ ಚಂದದ ಅಕ್ಷರದಲ್ಲಿ 'ಒಪ್ಪಿಗೆ' ಅಂತ ಬರೆದೆ. ಹಾಡಿಲ್ಲದ ಜೋಡಿಗಳಿಗೇ ಇಪ್ಪತ್ತೈದು ಸಲ ಬರೆದೆ. ಯಾರೂ ಒಪ್ಪಿರಲಿಲ್ಲ, ಹೋಗಲಿಕ್ಕೆ ಜಾಗವಿರಲಿಲ್ಲ ಅಷ್ಟೇ.

ಎಂಥ ದಡ್ಡಿ ನಾನು. ಗೆರೆ ಹೊಡೆದು, ಸಹಿ ಹಾಕಿ, ಫೋಟೋ ಬೇರೆ ತೆಗೆದಿದ್ದೆ!

ಈ ನೋಟ್‌ಬುಕ್ಕಿನ ಈ ಕಡೆಯಿಂದ ಬರೆಯಬೇಕಾದ ವಿಷಯವೂ ಒಂದು ತಲೆಗೆ ಬಂತು. ಕೈ ನೋಯುತ್ತಿದೆ, ಇನ್ನೊಂದು ದಿನ ಬರೆದರಾಯಿತು.

ಫೆಬ್ರವರಿ 16, ಶುಕ್ರವಾರ

ಮಧುಸೂದನ ಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಹಳೆಯದನ್ನೇ ಒಪ್ಪಿಸಿ ಅಂದರು. "ಪೆಟ್ಟಿಗೆ ಅಗಲ ಎಷ್ಟು ಅಂತ ಯಾರ್ರೀ ಕೇಳ್ತಾರೆ? ಎರಡೂವರೆ ತಿಂಗಳಿದೆ, ಹೊಸದಾಗಿ ಮಾಡ್ತೀನಿ ಅಂದ್ರೆ ಆಗುತ್ತಾ? ಮದುವೆ ಬೇರೆ ಇಟ್ಕೊಂಡಿದ್ದೀರಿ."

ಎಂದಿನ ಹಾಗೆ ಸುಮ್ಮನಿದ್ದುಬಿಡಬೇಕಿತ್ತು. "ಸರ್, ಯಾರೂ ಕೇಳಲ್ಲ ಅಂತ ನನಗೂ ಗೊತ್ತು. ಸುಳ್ಳು ಅಂತ ನನಗೆ ಗೊತ್ತಾಗಿದೆಯಲ್ಲ, ಅದಕ್ಕೇನ್ ಮಾಡಲಿ?" ಅಂದೆ. "ಈ ಸಲ ಇನ್ನೂರು ಜೋಡಿ ನೋಡ್ತೀನಿ, ದಿನಕ್ಕೆ ಎಂಟಾದ್ರೆ ಮಾರ್ಚ್ ಕೊನೆಗೆ ಮುಗಿಯುತ್ತೆ. ಬರೆಯೋಕೆ ಏಪ್ರಿಲ್ ಇದೆ. ನೀವು ಸಹಿ ಹಾಕಲ್ಲ ಅಂದ್ರೆ ಈಗಲೇ ಹೇಳಿಬಿಡಿ" ಅಂತಲೂ ಅಂದೆ. "ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ" ಅಂತ ಫೋನಿಟ್ಟರು.

ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಪಿತ್ತ ನೆತ್ತಿಗೇರಿತ್ತು ಅನ್ನಿಸುತ್ತದೆ. ನಾನು ಹಾಗೆಲ್ಲ ಮಾತಾಡುವವಳಲ್ಲ.

ಫೆಬ್ರವರಿ 25, ಭಾನುವಾರ

ತೀರ್ಥಹಳ್ಳಿಗೆ ಹೋಗಿದ್ದೆ. ಹೊಸ ಪ್ರಯೋಗಕ್ಕೆ ಹೊಸ ನೊಣ ಬೇಕಿತ್ತು. ನಾನು ಬರುವುದು ಮಾವನಿಂದ ಶಿವಮೂರ್ತಿಗೆ ಗೊತ್ತಾಗಿ, ಕಮಾನು ಸೇತುವೆಯ ಹತ್ತಿರ ಕಾಯುತ್ತೇನೆ ಅಂತ ಸಂದೇಶ ಬಂತು. ಒಳ್ಳೆಯದೇ ಆಯಿತು ಅಂದುಕೊಂಡೆ. ನಮ್ಮ ಹಾಲಿನಲ್ಲಿ ಫ್ರಿಜ್ಜಿನ ಪಕ್ಕ ಕೂತು ನೋಡಿದ ಮನುಷ್ಯನನ್ನು ಬಯಲಿನಲ್ಲಿ ಒಂದು ಸಲ ನೋಡಬೇಕಲ್ಲ. ನ್ಯಾಯವಾಗಿ ಇರೋಣ ಅಂತ ನಿಜವಾಗಿಯೂ ಮನಸ್ಸು ಮಾಡಿದ್ದೆ.

ತುಂಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ಇಬ್ಬರೂ ಮರಳಿನ ಮೇಲೆ ನಡೆದೆವು. ಅಡುಗೆಮನೆಗೆ ಹಸಿರು ಬಳಿಸಿ ಆಗಿದೆಯಂತೆ. ನಾನು, "ನಾನು ಒಪ್ಪಿದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ.

"ನಕ್ರಲ್ಲ ಅವತ್ತು."

"ಹಲ್ಲು ನೋವಿತ್ತು ನನಗೆ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾರಿ ತಮಾಷೆ ಮಾಡ್ತೀರಪ್ಪ ನೀವು!" ಅಂದರು. ಆಮೇಲೆ ಹೊಸ ಹಾಡೊಂದು ಕಲಿತಿದ್ದೇನೆ ಅಂತ ಮೊಬೈಲಿನಲ್ಲಿ ಸಂಗೀತ ಹಚ್ಚಿ, ಹೊಳೆಯ ಕಡೆ ತಿರುಗಿ, ಕಣ್ಣು ಮುಚ್ಚಿ ಶುರುಮಾಡಿದರು.

ನಾನು ಪಲ್ಲವಿ ಪೂರ್ತಿ ಕೇಳಿದೆ. ಒಂದು ಚರಣವನ್ನೂ ಕೇಳಿದೆ. ದನಿ ಚೆನ್ನಾಗಿಯೇ ಇದೆ. ಆದರೆ ಆ ಹಾಡು ನನಗೆ ಅಂತ ಎಲ್ಲೂ ಅನ್ನಿಸಲಿಲ್ಲ, ಎದುರಿಗೆ ಒಂದು ಎಮ್ಮೆ ನಿಂತಿದ್ದರೂ ಅವರು ಅಷ್ಟೇ ಚೆನ್ನಾಗಿ ಹಾಡುತ್ತಿದ್ದರು. ಮೇಲೆ ರಸ್ತೆಯ ಅಂಚಿನಲ್ಲಿ ಯಾರೋ ಕೊಳೆತ ಪಪ್ಪಾಯಿ ಸುರಿದುಹೋಗಿದ್ದರು, ಅದರ ಮೇಲೆ ನೊಣ ಗುಂಪುಗುಂಪಾಗಿ ಕೂತಿದ್ದವು. ಚೀಲದಿಂದ ನೊಣ ಹಿಡಿಯುವ ಹೀರುಕೊಳವೆ ತೆಗೆದುಕೊಂಡು ಹೋದೆ. ನಲವತ್ತು ಹೆಜ್ಜೆ. ಇಪ್ಪತ್ತಮೂರು ನೊಣ ಹಿಡಿದು ಬಾಟಲಿಗೆ ಹಾಕಿ ಬಟ್ಟೆ ಕಟ್ಟಿದೆ. ಹಾಡು ಇನ್ನೂ ನಡೆಯುತ್ತಿತ್ತು.

ಮುಗಿಸಿ ಕಣ್ಣು ತೆರೆದವರು ಅತ್ತಿತ್ತ ನೋಡಿ, ನಾನು ಮೇಲೆ ನಿಂತದ್ದನ್ನು ಕಂಡು ಕೈಬೀಸಿದರು. "ದೂರದಿಂದ ಕೇಳಿದ್ರೆ ಇನ್ನೂ ಚೆನ್ನಾಗಿರುತ್ತೆ ಅಲ್ವಾ?" ಅಂತ ಕೂಗಿದರು.

"ಹೌದು. ಸಾಗರದಿಂದ ಕೇಳಿದ್ರೆ ಇನ್ನೂ ಚೆನ್ನಾಗಿರುತ್ತೆ" ಅಂತ ನಾನೂ ಕೂಗಿದೆ. ಬಾಯಿಗೆ ಬಂದಿದ್ದನ್ನು ಅಂದುಬಿಟ್ಟೆ. ಬಿಸಿಲು ಜೋರಿತ್ತು.

ನೊಣದ ಗಂಡು ಆಗಿದ್ದರೆ ಹೆಣ್ಣು ಎರಡು ಹೆಜ್ಜೆ ಇಟ್ಟಾಗಲೇ ಗಮನಿಸುತ್ತಿತ್ತು. ಅಷ್ಟು ಸಣ್ಣ ತಲೆಯಲ್ಲಿ ಅಷ್ಟಾದರೂ ಇದೆ.

ನನಗೆ ಇವರು ಬೇಡ. ಕೆಟ್ಟವರು ಅಂತಲ್ಲ. ಬೇಡ.

ಮಾರ್ಚ್ 3, ಭಾನುವಾರ

ಹೇಳಿದೆ. ಮಾವನೂ ಬಂದಿದ್ದರು, ನಿಶ್ಚಿತಾರ್ಥದ ಅಡುಗೆಯವರ ಮಾತು ನಡೆಯುತ್ತಿತ್ತು. ಕೋಸಂಬರಿ ಎರಡು ಬಗೆ ಇರಲಿ ಅನ್ನುವಲ್ಲಿಗೆ ಬಂದಿತ್ತು. "ಯಾವುದೂ ಬೇಡ. ನನಗೆ ಈ ಮದುವೆ ಬೇಡ" ಅಂದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅಮ್ಮ, "ಕೋಸಂಬರಿ ಬೇಡ ಅಂದ್ರೆ ಪಲ್ಯ ಮಾಡ್ಸಾಣ ಬಿಡು" ಅಂದಳು. ಇನ್ನೊಮ್ಮೆ ಹೇಳಿದೆ. ಆಗ ಶುರುವಾಯಿತು.

"ಕೇಳ್ದೆ ಅಲ್ವನೇ ನಾನು?" ಅಂದರು ಅಪ್ಪ. ಅವರ ಮುಖ ಕೆಂಪಾಗಿತ್ತು. "ಯಾವ ಅಪ್ಪ ಕೇಳ್ತಾನೆ ಹೇಳು. ಅಷ್ಟೂ ಜನರ ಎದ್ರಿಗೆ ಎದ್ದುನಿಂತು ಕೇಳ್ದೆ!"

"ಅಷ್ಟೂ ಜನರ ಎದುರಿಗೆ ಕೇಳಿದ್ರಿ ಅಪ್ಪ. ಬಾಗಿಲಲ್ಲಿ ಮಾವ ಕೂತಿದ್ರು. ಬೇಡ ಅನ್ನೋಕೆ ಎಲ್ಲಿತ್ತು ಜಾಗ?"

"ಈಗ ನನ್ ಕುರ್ಚಿದು ತಪ್ಪಾ!" ಅಂತ ಮಾವ ಎದ್ದರು. "ಅಲ್ಲ ಮಾರಾಯ್ತಿ, ವಯಸ್ಸು ಮೂವತ್ತು…"

"ಮೂವತ್ತೆರಡು ಮಾವ. ಆ ಎರಡು ವರ್ಷ ವಾಪಸ್ ಕೊಡಿ, ಅದು ನನ್ನದು."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ಭುಜ ಕುಲುಕುತ್ತಿದ್ದ ರೀತಿ ನೋಡಿದರೆ ಅಳು ಅಲ್ಲದೆಯೂ ಇರಬಹುದು.

ಮಾವ ಸುಧಾರಿಸಿಕೊಂಡು ದಾರಿ ಕಂಡುಹಿಡಿದರು. ಹುಡುಗಿಯೇ ಬೇಡ ಅಂದಳು ಅಂತ ಹೇಳಿದರೆ ಆ ಬಸ್ ರೂಟಿನಲ್ಲಿ ಅಪ್ಪ ತಲೆಯೆತ್ತಿ ಓಡಾಡುವ ಹಾಗಿಲ್ಲವಂತೆ. "ಜಾತಕ ಇನ್ನೊಂದ್ಸಲ ತೋರಿಸಿದ್ವಿ, ಏನೋ ದೋಷ ಕಾಣ್ತಿದೆ ಅಂತಾರೆ ಅಂದ್ಬಿಡಾಣ. ಎಲ್ರೂ ಹಂಗೇ ಹೇಳೋದು. ಯಾರ ಮರ್ಯಾದೆನೂ ಹೋಗಲ್ಲ." ಅಪ್ಪ ನನ್ನ ಮುಖ ನೋಡದೆ ತಲೆಯಾಡಿಸಿದರು.

"ಸುಳ್ಳು ಯಾಕೆ? ನನಗೆ ಬೇಡ ಅಂತಲೇ ಹೇಳಿ" ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ದನಿ ಇನ್ನೂ ಸಣ್ಣದೇ ಅನ್ನಿಸುತ್ತದೆ.

ಮಾರ್ಚ್ 10, ಭಾನುವಾರ

ದೋಷಕ್ಕೆ ಪರಿಹಾರ ಸಿಕ್ಕಿದೆಯಂತೆ! ತೀರ್ಥಹಳ್ಳಿಯವರು ತಮ್ಮ ಕಡೆಯ ಜೋಯಿಸರನ್ನು ಕಂಡು ಶಾಂತಿ ಮಾಡಿಸಿದ್ದಾರೆ. ಖರ್ಚೂ ಅವರದೇ, ಎಷ್ಟು ದೊಡ್ಡ ಮನಸ್ಸು. ಈಗ ಜಾತಕ ಮೊದಲಿಗಿಂತ ಚೆನ್ನಾಗಿ ಕೂಡುತ್ತದಂತೆ. ಹದಿನೇಳಕ್ಕೆ ಹೇಳಿದ ಹಾಗೆಯೇ ಬರುತ್ತಾರೆ.

ಅಪ್ಪ ವಾರದಿಂದ ಮಾತು ಬಿಟ್ಟಿದ್ದಾರೆ. ಅಮ್ಮ ಎಂದಿನಂತೆ ನೊಣಗಳಿಗೆ ರವೆ, ಬೆಲ್ಲ ಬೇಯಿಸಿ ಕೊಟ್ಟಳು. ಏಲಕ್ಕಿಯನ್ನೂ ಹಾಕಿದ್ದಾಳೆ. ಯಾಕೆ ಅಂದರೆ, "ಪಾಪ, ಓಡಾಡಿ ಓಡಾಡಿ ಸುಸ್ತಾಗಿರ್ತಾವೆ" ಅಂದಳು. ಏಲಕ್ಕಿ ಹಾಕಿದ್ದನ್ನು ಪ್ರಯೋಗದ ನೊಣಗಳಿಗೆ ಕೊಡುವ ಹಾಗಿಲ್ಲ, ಒಂದು ಪಾತ್ರೆ ಆಹಾರ ಹಾಳಾಯಿತು. ಬಯ್ಯಲು ಮನಸ್ಸು ಬರಲಿಲ್ಲ.

ಮಾರ್ಚ್ 12, ಮಂಗಳವಾರ

ಎಂಟು ಜೋಡಿ.

ಮಾರ್ಚ್ 13, ಬುಧವಾರ

ಎಂಟು ಜೋಡಿ. ಭಯವಾಗುತ್ತಿದೆ. ಭಾನುವಾರ ಅವರು ಬಂದು ಕೂತರೆ ನಾನು ಎದ್ದುನಿಂತು ಹೇಳುತ್ತೇನೋ, ಮತ್ತೆ ಸ್ಟೂಲಿನ ಮೇಲೆ ಕೂತುಬಿಡುತ್ತೇನೋ ನನಗೇ ಗೊತ್ತಿಲ್ಲ.

ಮಾರ್ಚ್ 14, ಗುರುವಾರ

ಹೊಸನಗರದ ಬಾಟಲಿ ಬರುವ ದಿನ. ಕಾಲೇಜಿಗೇ ತಂದುಕೊಡಿ ಅಂತ ಅಮ್ಮನ ಹತ್ತಿರ ಹೇಳಿಸಿದ್ದೆ. ಅಪ್ಪ ಗೇಟಿನಲ್ಲಿ ಕೊಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ, ಪ್ರಯೋಗಾಲಯದ ಬಾಗಿಲವರೆಗೂ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಕುರ್ಚಿ ಎಳೆದುಕೊಟ್ಟೆ. ಮೇಜಿನ ಮೇಲೆ ದೊಡ್ಡ ಡಬ್ಬದಲ್ಲಿ ಹಾಡಿಲ್ಲದ ಒಂದು ಜೋಡಿ ಇತ್ತು. ಭೂತಗನ್ನಡಿ ಅವರ ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದರು.

"ಯಾವ್ದು ಹೆಣ್ಣು?"

"ದಪ್ಪಗಿರೋದು."

"ಬೇಡ ಅಂತ ಹೆಂಗೆ ಹೇಳ್ತಾಳೆ ಇವಳು?"

"ನಡೆದುಹೋಗ್ತಾಳೆ."

"ಅವ್ನು ಬಿಡ್ತಾನಾ?"

"ಇಲ್ಲ, ಹಿಂದೆ ಬರ್ತಾನೆ. ಇವಳು ಮತ್ತೆ ನಡೀತಾಳೆ. ಬೆಳಿಗ್ಗೆಯಿಂದ ಹನ್ನೊಂದು ಸಲ ಆಯ್ತು."

ಅಪ್ಪ ಭೂತಗನ್ನಡಿ ಕೆಳಗಿಡಲಿಲ್ಲ. "ಹನ್ನೊಂದು ಸಲ ಹೇಳ್ಬೇಕಾ ಪಾಪ" ಅಂದರು. ಮತ್ತೆ ಡಬ್ಬದ ಮೇಲೆ ಬಗ್ಗಿ, "ಇವಳು ಒಪ್ಪಲೇ ಇಲ್ಲ ಅಂದ್ರೆ ಏನ್ ಬರ್ಕೊಳ್ತೀಯ? ಕಾರಣ ಬರೀಬೇಕಾ?" ಅಂತ ಕೇಳಿದರು.

"ಇಲ್ಲಪ್ಪ. ಒಪ್ಪಲಿಲ್ಲ ಅಂತ ಬರ್ಕೊಳ್ತೀನಿ."

"ಅಷ್ಟೇನಾ?"

"ಅಷ್ಟೇ."

ಅವರು ಇನ್ನೂ ಕೂತಿರುವಾಗಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೀರ್ಥಹಳ್ಳಿಯಿಂದ, ಹುಡುಗನ ಅಪ್ಪ. ಭಾನುವಾರ ಎಷ್ಟು ಜನ ಬರುತ್ತಾರೆ ಅಂತ ಹೇಳಲು ಮಾಡಿದ್ದಿರಬೇಕು, ಇಪ್ಪತ್ತೈದು ಅಂದದ್ದು ನನಗೂ ಕೇಳಿಸಿತು. ಅಪ್ಪ ಎದ್ದುನಿಂತರು.

"ಹೇಳಿ… ಹಾಂ. ಇಲ್ಲ, ಬರೋದು ಬೇಡ. ನಮ್ ಹುಡುಗೀಗೆ ಬೇಡ ಅಂತೆ… ಇಲ್ಲ ಇಲ್ಲ, ಜಾತಕ ಚೆನ್ನಾಗೈತೆ. ಅದು ನಾವು ಸುಳ್ಳು ಹೇಳಿದ್ದು, ತಪ್ಪಾಯ್ತು… ನಿಮ್ ಹುಡುಗನ್ನ ಏನೂ ಅನ್ನಂಗಿಲ್ಲ… ಕಾರಣ ಏನಿಲ್ಲ ಮಾರಾಯ್ರೆ. ಅವಳಿಗೆ ಬೇಡ."

ಆ ಕಡೆಯಿಂದ ದನಿ ಏರಿತು. ಮೂವತ್ತು ವರ್ಷದ ಪರಿಚಯ, ಮರ್ಯಾದೆ, ಬಸ್ಸು, ಎಲ್ಲ ಬಂದುಹೋಯಿತು. ಅಪ್ಪ ಒಂದಕ್ಕೂ ಎದುರಾಡಲಿಲ್ಲ, ಫೋನನ್ನು ಕಿವಿಗೆ ಒತ್ತಿಹಿಡಿದು ನಿಂತೇ ಕೇಳಿದರು. ಅವರು ಹಾಗೆ ಬೈಸಿಕೊಂಡದ್ದನ್ನು ನಾನು ನೋಡಿರಲಿಲ್ಲ. ಫೋನ್ ಕಿತ್ತುಕೊಳ್ಳೋಣ ಅನ್ನಿಸಿತು.

ಕೊನೆಗೆ ಆ ಕಡೆಯವರೇ ಇಟ್ಟರು. ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಒಂದು ಸಲ ಹೇಳಿದೀನಿ. ಸಾಕಾ?"

ಸಾಕಪ್ಪ ಅಂದೆ.